ಟೈಲರ್ ಮಾಮನ ಹಲ್ಲು, ಜೇಬು ಸಿಸ್ಟರ್ ಮಾತು

ಸರ್ಜರಿ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಚಪ್ಪಲಿ ಸವೆಸಿದ ಆ ನರ್ಸನ್ನು ಎಲ್ಲರೂ ಕರೆಯುತ್ತಿದ್ದುದು ಜೇಬು ಸಿಸ್ಟರ್ ಎಂದೇ. ಆಪರೇಷನ್ನಿಗೆ ಹೋಗುವವರ ಕನ್ನಡಕ, ಉಂಗುರ ಇತ್ಯಾದಿ ನಿಯಮದ ಪ್ರಕಾರ ಮನೆಯವರ ಕೈ ಸೇರಬೇಕು. ಆದರೆ ಮನೆಯವರಿಗೇ ತೋರಿಸಲಾಗದ್ದೂ ಕೆಲವರ ಬಳಿ ಇರುತ್ತದಲ್ಲ? ಅದು ಮುಚ್ಚಳದ ಡಬ್ಬಿ ಸೇರಿ, ಹಾಸಿಗೆ ನಂಬರಿನ ಪ್ಲಾಸ್ಟರ್ ಅಂಟಿಸಿಕೊಂಡು, ಸಿಸ್ಟರ್ ಕೋಟಿನ ಬಲಜೇಬಿಗೆ ಇಳಿಯುತ್ತಿತ್ತು.

ಅಂದು ಏಳನೇ ಹಾಸಿಗೆಯಲ್ಲಿ ಟೈಲರ್ ಮಾಮ. ಪಿತ್ತಕೋಶದ ಕಲ್ಲು ತೆಗೆಸಲು ಬಂದವರು, ಕಟ್ಟಿಸಿಕೊಂಡ ಹಲ್ಲು ತೆಗೆಯಿರಿ ಎಂದೊಡನೆ ಬಾಯಿಗೆ ಬೀಗ ಹಾಕಿಕೊಂಡರು.

“ಮಾಮ, ಅರಿವಳಿಕೆ ಕೊಟ್ಟಾಗ ಅದು ಗಂಟಲಿಗೆ ಜಾರಿದ್ರೆ ಕಷ್ಟ.”

ಮಾಮ ಬಾಗಿಲಾಚೆ ಕೂತಿದ್ದ ಹೆಂಡತಿಯತ್ತ ನೋಡಿ ದನಿ ತಗ್ಗಿಸಿದರು. “ಹನ್ನೊಂದು ವರ್ಷದಿಂದ ದೀಪ ಆರಿಸಿದ ಮೇಲೇ ತೆಗೀತೀನಿ, ಅವಳು ಏಳೋ ಮುಂಚೆ ಹಾಕ್ಕೋತೀನಿ. ನನ್ನ ಬೊಚ್ಚು ಬಾಯಿ ಅವಳು ನೋಡಬಾರ್ದು. ಕಲ್ಲು ಇದ್ರೆ ಇರ್ಲಿ, ನಾನು ಮನೆಗೆ ಹೊರಟೆ!”

ಆಗಲೇ ಎರಡು ಸಲ ನೋವು ಬಂದು ಹಾಸಿಗೆ ಹಿಡಿದಿದ್ದವರು. ಹೀಗೇ ಎದ್ದು ಹೋದರೆ ಮೂರನೆಯದು ಏನು ಮಾಡೀತೋ. ಸಿಸ್ಟರ್ ಸ್ಟೂಲು ಎಳೆದು ಕೂತರು.

“ಥಿಯೇಟರ್ ಬಾಗಿಲು ದಾಟಿದ ಮೇಲೆ ತೆಗೀರಿ. ಹೊರಗೆ ಬರೋ ಮುಂಚೆ ನಾನೇ ತಂದುಕೊಡ್ತೀನಿ.”

“ಮಾತು ಕೊಡ್ತೀರಾ?”

“ಹಲ್ಲು ಕೊಡಿ, ಮಾತು ಕೊಡ್ತೀನಿ.”

ಥಿಯೇಟರಿನೊಳಗೆ ಹಲ್ಲು ಡಬ್ಬಿ ಸೇರಿ ಬಲಜೇಬಿಗಿಳಿಯಿತು. ಹಲ್ಲಿಲ್ಲದ ಬಾಯಿಂದ ಮಾಮ ಹೇಳಿದ್ದಿಷ್ಟೇ: “ಡಾಕ್ಟ್ರೇ, ದಾರ ಬಿಗಿಯಾಗಿ ಎಳೀಬೇಡಿ. ಸುಕ್ಕು ಬರುತ್ತೆ.”

ನಡುವೆ ಅಪಘಾತದ ಕೇಸೊಂದು ನುಗ್ಗಿ ಎಲ್ಲವೂ ತಡವಾಯಿತು. ಎರಡು ಗಂಟೆಗೆ ಡ್ಯೂಟಿ ಮುಗಿದರೂ ಸಿಸ್ಟರ್ ಮನೆಗೆ ಹೋಗಲಿಲ್ಲ. ನಾಲ್ಕಕ್ಕೆ ಮಾಮನಿಗೆ ಪೂರ್ತಿ ಎಚ್ಚರವಾಯಿತು. ಕೆಮ್ಮಿಸಿ, ಗುಟುಕು ನೀರು ನುಂಗಿಸಿ ನೋಡಿ, ಇನ್ನು ಹಲ್ಲು ಹಾಕಬಹುದೆಂದು ಸಿಸ್ಟರ್ ಬಲಗೈಯನ್ನು ಜೇಬಿಗೆ ಇಳಿಸಿದರು. ಜೇಬೇ ಇರಲಿಲ್ಲ! ಇಪ್ಪತ್ತೆರಡು ವರ್ಷದ ಅಭ್ಯಾಸಬಲ, ಎರಡು ಹೊಡೆದೊಡನೆ ಕೋಟು ಒಗೆಯುವ ಬಟ್ಟೆಗಳ ಮೂಟೆಗೆ ಹೋಗಿತ್ತು.

ಸಿಸ್ಟರ್ ಎರಡೆರಡು ಮೆಟ್ಟಿಲು ಹಾರಿ ಇಳಿದರು. ಬಟ್ಟೆ ಒಗೆಯುವ ಕೋಣೆಯಲ್ಲಿ ಆಯಾ ಡಬ್ಬಿ ತೆರೆದು ಹಿಡಿದಿದ್ದಳು.

“ಅಕ್ಕಾ, ಯಾರ್ರೀ ಇವ್ರು? ಆಗ್ಲಿಂದ ನನ್ನ ನೋಡಿ ಕಿಸಿತಾ ಇದಾರೆ!”

ಮಾಮನ ಹಲ್ಲನ್ನು ತೊಳೆದು ಸಿಸ್ಟರ್ ಓಡಿಬರುವಷ್ಟರಲ್ಲಿ ಸ್ಟ್ರೆಚರ್ ಹೊರಗೆ ಬಂದಾಗಿತ್ತು. ಮಾಮ ಮೂಗಿನ ತನಕ ಹೊದಿಕೆ ಎಳೆದುಕೊಂಡು, ಕಣ್ಣಲ್ಲೇ ಸಿಸ್ಟರನ್ನು ಬೈಯುತ್ತಿದ್ದರು. ಎರಡು ಮಾರು ದೂರದಲ್ಲಿ ಹೆಂಡತಿ ಬೆನ್ನು ತಿರುಗಿಸಿ, ಗೋಡೆಯ ಮೇಲಿನ ‘ನಿಶ್ಶಬ್ದ’ ಫಲಕವನ್ನು ಪರೀಕ್ಷೆಗೆ ಓದುವವರಂತೆ ಓದುತ್ತ ನಿಂತಿದ್ದರು.

“ಹಾಕಿ ಆಯ್ತಾ ಸಿಸ್ಟರ್?” ತಿರುಗದೆಯೇ ಪಿಸುಗುಟ್ಟಿದರು. “ದಿನಾ ಬೆಳಿಗ್ಗೆ ಅವರದ್ದು ಮುಗಿಯೋವರೆಗೆ ಕಣ್ಣು ಮುಚ್ಕೊಂಡು ಮಲಗಿರ್ತೀನಿ. ಇಲ್ಲಿ ನಿಂತ್ಕೊಂಡು ಹೇಗೆ ನಿದ್ದೆ ಮಾಡ್ಲಿ?”

ಸಿಸ್ಟರ್ ಹಲ್ಲನ್ನು ಹೊದಿಕೆಯೊಳಗೆ ತೂರಿಸಿದರು; ಒಳಗೆ ‘ಟಕ್’ ಎಂದಿತು. ಮಾಮ ಸಿಸ್ಟರ್ ಕೈ ಹಿಡಿದೆಳೆದರು.

“ಅವಳು ನೋಡ್ಲಿಲ್ಲ ತಾನೆ?”

“ಇಲ್ಲ ಮಾಮ. ಗೋಡೆ ನೋಡ್ತಾ ಇದ್ರು.”