ಹೋಗ್ತೇನೆ ಎಂದ ಲೋಕಯ್ಯ

ಲೋಕಯ್ಯ ಎಂಬ ಹೆಸರು ಪಂಕಜಮ್ಮನ ಕಿವಿಗೆ ಮೊದಲು ಬಿದ್ದದ್ದು ೨೦೨೦ರ ಫೆಬ್ರವರಿ ಒಂದನೇ ತಾರೀಕು, ಶನಿವಾರ, ಕರ್ನಿ ಮೆಸಾದ ದೋಸೆ ಹೋಟೆಲಿನಲ್ಲಿ. ಸ್ಯಾನ್ ಡಿಯಾಗೋದ ಕನ್ನಡದ ಹಿರಿಯರು ಏಳೆಂಟು ಮಂದಿ ವಾರಕ್ಕೊಮ್ಮೆ ಅಲ್ಲಿ ಕಾಫಿಗೆ ಸೇರುತ್ತಿದ್ದರು. ಸುದ್ದಿ ತಂದವರು ಓಂಕಾರಪ್ಪ. ಆ ಮೇಜಿನ ಯಜಮಾನಿಕೆ ಅವರದೇ.

"ನಮ್ಮ ದೀಪೇಶನ ಅಪ್ಪ ಲೋಕಯ್ಯ ಬಂದಿದಾರೆ, ಇಂಗ್ಲೆಂಡಿಂದ. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ ಅಕ್ಕಪಕ್ಕದ ಮನೆಗೆಲ್ಲ ಮೈಸೂರ್ ಪಾಕ್ ಹಂಚಿದ್ರಂತೆ."

"ಮೊಮ್ಮಗು ಆಯ್ತಾ?" ಎಂದಳು ಪಂಕಜಮ್ಮ.

"ಇಲ್ಲಮ್ಮ. ಇಂಗ್ಲೆಂಡು ಯುರೋಪಿನ ಒಕ್ಕೂಟ ಬಿಡ್ತು. ಬಿಡೋಣ ಅಂತ ವೋಟು ಹಾಕಿದೋರಲ್ಲಿ ಈ ಮಹಾಶಯರೂ ಒಬ್ರು."

ಪಂಕಜಮ್ಮ ಓದಿದ್ದು ನಾಲ್ಕನೇ ಕ್ಲಾಸು. ಒಕ್ಕೂಟವೆಂದರೇನು ಎಂದು ಕೇಳಿದಳು. ಇಪ್ಪತ್ತೆಂಟು ಮಂದಿ ಅಣ್ಣತಮ್ಮಂದಿರ ಒಟ್ಟು ಸಂಸಾರ, ಅದರಲ್ಲೊಬ್ಬ ಬೇರೆಯಾದ ಎಂದು ಓಂಕಾರಪ್ಪ ಬಿಡಿಸಿ ಹೇಳಿದರು.

"ಬೇರೆ ಹೋಗೋನು ಪಾಲು ಕೇಳ್ತಾನೆ. ಸ್ವೀಟು ಹಂಚ್ತಾನಾ?"

"ಇನ್ನೂ ಇದೆ ಕೇಳಿ. ಇವರ ಮಗಳು ತೃಪ್ತಿ ಮದುವೆಯಾಗಿರೋದೇ ಪೋಲೆಂಡಿನ ಬಡಗಿಯನ್ನ. ಪೋಲೆಂಡಿನೋರು ಬರೋದು ನಿಲ್ಲಲಿ ಅಂತ ಇವರು ಟೀವಿಯೋರ ಮುಂದೆ ಹೇಳಿಬಿಟ್ರು. ಮಗಳು ಗಂಡನ್ನ ಕರ್ಕೊಂಡು ಅವನೂರಿಗೇ ಹೊರಟುಹೋದ್ಲು. ಅವತ್ತಿಂದ ಅಪ್ಪನ ಹತ್ರ ಮಾತಿಲ್ಲ."

"ಅಳಿಯನ್ನ ಓಡ್ಸೋಕೆ ವೋಟು ಹಾಕಿದ ಮಾವ!" ಎಂದಳು ಪಂಕಜಮ್ಮ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಗಂಡನ ಮನೆಯಲ್ಲಿ ಐವತ್ತು ವರ್ಷ ಬಾಳಿದರೂ ಅವಳ ಮಾತಿಗೆ ಯಾರೂ ಹೀಗೆ ನಕ್ಕಿರಲಿಲ್ಲ.

ಮುಂದಿನ ಶನಿವಾರ ಲೋಕಯ್ಯನವರೇ ಬಂದರು. ಉಡುಪಿ ಕಡೆಯ ಸಣಕಲು ಮನುಷ್ಯ. ಕೊವೆಂಟ್ರಿಯಲ್ಲಿ ಮೂವತ್ತೆಂಟು ವರ್ಷ ಬಸ್ಸು ಓಡಿಸಿದವರು. ಬೆನ್ನು ಕುರ್ಚಿಗೆ ಒರಗಿಸಿದ್ದರೂ ಕಣ್ಣು ರಸ್ತೆಯ ಮೇಲೇ ಇದ್ದಂತೆ ಕೂರುತ್ತಿದ್ದರು. ಓಂಕಾರಪ್ಪ ಕೆಣಕಲೆಂದು ಕಾಯದೆ, ವೋಟಿನ ವಿಷಯ ತಾವಾಗಿಯೇ ಹೇಳಿಕೊಂಡರು.

"ಪೋಲೆಂಡಿನವನಿಗೆ ಬಾಗಿಲು ತೆರೆದೇ ಉಂಟು ಮಾರಾಯ್ರೆ. ನನ್ನ ಸ್ವಂತ ತಮ್ಮ ವೀಸಾಕ್ಕೆ ಮೂರು ಸಲ ಅಪ್ಲೈ ಮಾಡಿದ, ಮೂರು ಸಲವೂ ಇಲ್ಲ ಅಂದ್ರು. ನನ್ನ ಮನೆಯಲ್ಲಿ ಎರಡು ದಿನ ಇರ್ಬೇಕು ಅಂತಿದ್ದ, ಇರದೆ ಸತ್ತ. ಸಿಟ್ಟು ಬರುದಿಲ್ವಾ? ಅಳಿಯನನ್ನು ನೆನೆಸಿ ಹಾಕಿದ ವೋಟಲ್ಲ ಅದು."

ಲೋಕಯ್ಯ ಕಾಫಿ ಮುಗಿಸಿ ಎದ್ದು, "ಬರ್ತೇನೆ" ಎಂದರು.

"ಅಲ್ರೀ ಲೋಕಯ್ಯನವರೇ, ಬಿಟ್ಟು ಹೋಗೋರು ಬರ್ತೀನಿ ಅನ್ನಬಾರದು. ಹೋಗ್ತೀನಿ ಅನ್ನಿ."

ಅಂದವಳು ಪಂಕಜಮ್ಮ. ನಗು ಬಂದು ಓಂಕಾರಪ್ಪನವರಿಗೆ ಕಾಫಿ ನೆತ್ತಿಗೆ ಹತ್ತಿತು. ಹೊಸಿಲು ದಾಟುವವರ ಬಾಯಲ್ಲಿ ಬರಬಾರದ ಮಾತು ಈ 'ಹೋಗ್ತೀನಿ'. ಮಕ್ಕಳು ಮರೆತು ಅಂದರೂ ತಲೆಗೆ ಮೊಟಕಿ ತಿದ್ದಿಸುವ ಮಾತು. ಲೋಕಯ್ಯ ಪೆಚ್ಚು ನಗೆ ನಕ್ಕು, "ಆಯ್ತು, ಹೋಗ್ತೇನೆ" ಎಂದರು.

ಅಲ್ಲಿಂದ ಅದೇ ಪದ್ಧತಿಯಾಯಿತು. ಹೋಗ್ತೇನೆ ಎನ್ನದೆ ಅವರನ್ನು ಏಳಲು ಬಿಡುತ್ತಿರಲಿಲ್ಲ. ಕೊರೋನಾ ಬಂದು ಕಾಫಿಯ ಹರಟೆ ಕಂಪ್ಯೂಟರಿಗೆ ಹೋದಾಗಲೂ ಬಿಡಲಿಲ್ಲ. "ಲೀವ್ ಬಟನ್ ಒತ್ತೋದು ಲೋಕಯ್ಯನವರಿಂದ ಕಲೀಬೇಕು" ಎಂದು ಓಂಕಾರಪ್ಪ ಅನ್ನುವರು. ಅವರೂ ಹೋಗ್ತೇನೆ ಎಂದೇ ಒತ್ತುವರು. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಅವರ ಹತ್ತಿರ ಕನ್ನಡ ಆಡುವವರು ಇನ್ಯಾರಿದ್ದರು?

೨೦೨೨ರ ನವೆಂಬರಿನಲ್ಲಿ ಲಾಸ್ ಏಂಜಲೀಸಿನವರು ಪೋರ್ಟರ್ ರ್ಯಾಂಚ್ ಹತ್ತಿರ ರಾಜ್ಯೋತ್ಸವ ಇಟ್ಟುಕೊಂಡರು. ವೇದಿಕೆಯಲ್ಲಿ ಹರಟೆ: 'ಕೂಡಿ ಬಾಳುವುದು ಮೇಲೋ, ಬಿಟ್ಟು ಹೋಗುವುದು ಮೇಲೋ'. ನಾಡು ಒಂದಾದ ದಿನ ಬಿಟ್ಟು ಹೋಗುವ ಪಕ್ಷಕ್ಕೆ ಬೇರೆ ಯಾರು ಸಿಗುತ್ತಾರೆ? ಲೋಕಯ್ಯ ಅದನ್ನು ಮರ್ಯಾದೆ ಎಂದೇ ತಿಳಿದು ಒಪ್ಪಿಕೊಂಡರು. ಪಂಕಜಮ್ಮ ಎದುರು ಪಕ್ಷ. ಗಂಟೆ ಹಿಡಿದು ಹರಟೆ ನಡೆಸುವವರು ಓಂಕಾರಪ್ಪ.

ದೀಪೇಶ್ ಡ್ರೈವ್ ಮಾಡುತ್ತಿದ್ದ. ಡೆಲ್ ಮಾರ್ ದಾಟುವಾಗ, ಹಿಂದಿನ ಸೀಟಿನಲ್ಲಿ ಲೋಕಯ್ಯ ಜೇಬಿನಿಂದ ಎರಡು ಹಾಳೆ ತೆಗೆದು ಪಂಕಜಮ್ಮನಿಗೆ ತೋರಿಸಿದರು.

"ದೀಪೇಶ ಹೇಳಿ ಒಪ್ಪಿಸಿದ. ಡಿಸೆಂಬರಿನಲ್ಲಿ ತೃಪ್ತಿ ಬರ್ತಾಳೆ, ಮಗುವನ್ನೂ ಕರ್ಕೊಂಡು. ಟಿಕೆಟ್ ಆಗಿದೆ. ಮೊದಲನೇ ಹಾಳೆಯಲ್ಲಿ ವೋಟು ಯಾಕೆ ಹಾಕಿದೆ ಅಂತ ಉಂಟು. ಎರಡನೇದರಲ್ಲಿ ತಪ್ಪಾಯ್ತು ಅಂತ. ನಾಲ್ಕು ಜನರ ಎದುರು ಅಂದದ್ದಲ್ವಾ, ನಾಲ್ಕು ಜನರ ಎದುರೇ ಹೇಳ್ಬೇಕು. ವಿಡಿಯೋ ಅವಳಿಗೆ ಕಳಿಸ್ತೇನೆ."

"ಒಳ್ಳೇದಾಯ್ತು ಬಿಡಿ" ಎಂದಳು.

ಮುನ್ನೂರು ಜನ. ಲೋಕಯ್ಯ ಮೊದಲ ಹಾಳೆ ಓದಿದರು. ಪೋಲೆಂಡಿನವನಿಗೆ ತೆರೆದ ಬಾಗಿಲು ಎನ್ನುವಾಗಲೇ ಜನ ನಗತೊಡಗಿದ್ದರು. ಅವರು ಬೆರಳಿಗೆ ಎಂಜಲು ಮುಟ್ಟಿಸಿ ಹಾಳೆ ತಿರುಗಿಸುತ್ತಿದ್ದರು. ಎರಡನೇ ಹಾಳೆಯಲ್ಲಿ ಏನಿದೆಯೆಂದು ಆ ಸಭೆಯಲ್ಲಿ ಪಂಕಜಮ್ಮನಿಗೊಬ್ಬಳಿಗೇ ಗೊತ್ತಿತ್ತು. ಓಂಕಾರಪ್ಪ ಅವಳ ಕಡೆ ಮೈಕು ಚಾಚಿದರು. ಸಭೆ ಅವಳ ಬಾಯನ್ನೇ ನೋಡುತ್ತಿತ್ತು.

"ಅಳಿಯನ್ನ ಓಡ್ಸಿದ್ದಾಯ್ತು ಮಾವನೋರೇ, ಇನ್ನು ನೀವೂ ಹೋಗ್ತೀನಿ ಅಂತ ಹೇಳಿ ಹೋಗಿ!"

ಚಪ್ಪಾಳೆಯೋ ಚಪ್ಪಾಳೆ. ಹಿಂದಿನ ಸಾಲಿನ ಹುಡುಗರು "ಹೋಗ್ತೀನಿ, ಹೋಗ್ತೀನಿ" ಎಂದು ಕಾಲು ಬಡಿದರು. ಓಂಕಾರಪ್ಪ ಗಂಟೆ ಬಾರಿಸಿದರು. ಲೋಕಯ್ಯ ಹಾಳೆ ಮಡಿಸಿ, "ಹೋಗ್ತೇನೆ" ಎಂದು ಇಳಿದರು.

ಆ ತುಣುಕನ್ನು ಯಾರೋ ವಾಟ್ಸಾಪಿಗೆ ಹಾಕಿದರು. ನಾಲ್ಕು ದಿನದಲ್ಲಿ ಅದು ಕೈಯಿಂದ ಕೈಗೆ ದಾಟಿ ಪೋಲೆಂಡು ಮುಟ್ಟಿತು. ಮುಂದಿನ ಶನಿವಾರ ಹೋಟೆಲಿನಲ್ಲಿ ಲೋಕಯ್ಯ ಕಾಫಿಗೆ ಕೈ ಹಾಕಲಿಲ್ಲ.

"ತೃಪ್ತಿ ಟಿಕೆಟ್ ಕ್ಯಾನ್ಸಲ್ ಮಾಡಿದ್ಳು. ಅಪ್ಪ ಇನ್ನೂ ಅದೇ ಮಾತಾಡ್ತಾರೆ ಅಂತ ದೀಪೇಶನಿಗೆ ಬರೆದಿದ್ದಾಳೆ. ಈಗ ನಾನು ಎಂತ ಹೇಳಿದ್ರೂ ಕೇಳುದಿಲ್ಲ."

"ಅವಳೂ ಬಿಟ್ಟು ಹೋದ್ಲಾ?" ಎಂದರು ಓಂಕಾರಪ್ಪ. "ಹೇಳಿ ಕೇಳಿ ನಿಮ್ಮ ರಕ್ತ!"

ಎಲ್ಲರೂ ನಕ್ಕರು. ಪಂಕಜಮ್ಮನೂ ನಕ್ಕಳು, ಕೊಂಚ ತಡವಾಗಿ. ಲೋಕಯ್ಯ ಎದ್ದರು. ಅಂದು ಬರ್ತೇನೆ ಎನ್ನಲಿಲ್ಲ, ಹೋಗ್ತೇನೆ ಎಂದೂ ಅನ್ನಲಿಲ್ಲ. ಮತ್ತೆ ಆ ಮೇಜಿಗೆ ಬರಲಿಲ್ಲ.

ಒಂದು ವರ್ಷ ದಾಟಿತು. ಅವರ ಶ್ವಾಸಕೋಶ ಕೆಟ್ಟಿದೆ, ಡಾಕ್ಟರು ಕೈಬಿಟ್ಟಿದ್ದಾರೆ ಎಂದು ಕೇಳಿ ಪಂಕಜಮ್ಮ ದೀಪೇಶನ ಮನೆಗೆ ಹೋದಳು. ಡಬ್ಬಿಯಲ್ಲಿ ಮೈಸೂರ್ ಪಾಕ್ ಒಯ್ದಿದ್ದಳು. ಅದು ಯಾವ ನೆನಪು ತರುತ್ತದೆಂಬುದು ಮುಚ್ಚಳ ತೆಗೆದ ಮೇಲೆ ಹೊಳೆಯಿತು. ಮೂಗಿಗೆ ನಳಿಗೆ ಸಿಕ್ಕಿಸಿಕೊಂಡು ಮಲಗಿದ್ದ ಲೋಕಯ್ಯ ಡಬ್ಬಿ ನೋಡಿ ಮುಖ ಆಚೆ ತಿರುಗಿಸಿದರು.

"ಆ ಎರಡನೇ ಹಾಳೆ ಕೊಡಿ ಲೋಕಯ್ಯನವರೇ. ನಾನೇ ಓದ್ತೀನಿ, ದೀಪೇಶ ರೆಕಾರ್ಡ್ ಮಾಡಿ ಕಳಿಸ್ಲಿ. ತಪ್ಪು ನನ್ನದು ಅಂತ ತೃಪ್ತಿಗೆ ನಾನೇ ಹೇಳ್ತೀನಿ."

"ನಿಮ್ಮ ದನಿ ಅವಳು ಕೇಳಿದ್ದಾಳೆ. ಮುನ್ನೂರು ಜನ ನಕ್ಕದ್ದೂ ಕೇಳಿದ್ದಾಳೆ. ಇನ್ನು ಸಾಕು."

"ಹಾಳೆ ಎಲ್ಲಿದೆ?"

"ಅವತ್ತೇ ಕಾರಿನಲ್ಲಿ ವಾಪಸ್ ಬರುವಾಗ ಹರಿದೆ. ನೀವು ಪಕ್ಕದಲ್ಲೇ ಇದ್ರಿ. ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ರಿ."

ಅದು ನಿಜ. ಕಾಗದ ಹರಿಯುವ ಸದ್ದು ಅವಳು ಕೇಳಿದ್ದಳು.

ಪಂಕಜಮ್ಮ ಡಬ್ಬಿ ಮುಚ್ಚಿ, ಸೆರಗು ಹೊದ್ದು ಎದ್ದಳು. ಬಾಗಿಲ ಹತ್ತಿರ ಬಾಯಿಗೆ ರೂಢಿಯ ಮಾತೇ ಬಂತು.

"ಬರ್ತೀನಿ."

ಲೋಕಯ್ಯ ಕೈಯೆತ್ತಿ ತಡೆದರು. ಉಸಿರು ಕೂಡಿಸಿಕೊಳ್ಳಲು ಹೊತ್ತು ಹಿಡಿಯಿತು.

"ಒಂದು ಕೇಳ್ತೇನೆ, ನಡೆಸಿಕೊಡಿ ಪಂಕಜಮ್ಮ. ಬರ್ತೀನಿ ಅನ್ಬೇಡಿ. ಹೋಗ್ತೀನಿ ಅನ್ನಿ."