ಯಾರದೂ ಅಲ್ಲದ ಕುರ್ಚಿ

ನಿನ್ನೆ ಪಕ್ಕದ ಮನೆಗೆ ಹೊಸ ಬಾಡಿಗೆಯವರು ಬಂದರು. ಟೆಂಪೋದಿಂದ ಸೋಫಾ ಇಳಿಸಿ, ಅದಕ್ಕೆ ಸುತ್ತಿದ್ದ ಪ್ಲಾಸ್ಟಿಕ್ಕನ್ನು ಅಂಗಳದಲ್ಲೇ ಹರಿದರು. ಪಾಲಿಶು, ಫೋಮು, ಯಾವುದೋ ಗೋದಾಮಿನ ಧೂಳು, ಎಲ್ಲ ಸೇರಿದ ವಾಸನೆ ನಮ್ಮ ಅಡುಗೆಮನೆಯವರೆಗೂ ಬಂತು. ಒಗ್ಗರಣೆ ಹಾಕುತ್ತಿದ್ದವಳು ಹಾಗೇ ನಿಂತುಬಿಟ್ಟೆ. ಸಾಸಿವೆ ಕರಕಾಯಿತು. ಬೇರೆಯವರಿಗೆ ಮಲ್ಲಿಗೆಯ ಘಮಕ್ಕೋ ಮೊದಲ ಮಳೆಯ ಮಣ್ಣಿಗೋ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ನನಗೆ ಬಾಡಿಗೆ ಫರ್ನಿಚರಿನ ವಾಸನೆಗೆ ನನ್ನ ಅತ್ತೆ ನೆನಪಾಗುತ್ತಾರೆ. ಗಾಬರಿ ಬೇಡ, ಅತ್ತೆ ಗಟ್ಟಿಮುಟ್ಟಾಗಿದ್ದಾರೆ. ಮೊದಲಿಗಿಂತ ಗಟ್ಟಿಯಾಗಿದ್ದಾರೆ ಎಂಬುದನ್ನು ಹೇಳಲಿಕ್ಕೇ ಕೂತಿದ್ದೇನೆ.

ಆಗ ನಾವು ಸೋಲಾಪುರದ ನವಿ ಪೇಠದಲ್ಲಿ, ಒಂದು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಇದ್ದೆವು. ನಮ್ಮವರಿಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿ ಕೈಗಾರಿಕಾ ಪ್ರದೇಶದ ಟವೆಲ್ ಕಾರ್ಖಾನೆಯಲ್ಲಿ ಕೆಲಸ. ಅತ್ತೆ ಮಾವ ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ, ದೊಡ್ಡ ಭಾವನವರ ಸಂಸಾರದ ಜೊತೆ ಹಿರಿಯರ ಕಾಲದ ದೊಡ್ಡ ವಾಡೆಯಲ್ಲಿ ಇದ್ದರು. ಅತ್ತೆಯ ಮೊಣಕಾಲು ಸವೆದು ಹೋಗಿ ಸೋಲಾಪುರದಲ್ಲಿ ಆಪರೇಶನ್ ಆಯಿತು. ಇನ್ನು ನೆಲದ ಮೇಲೆ ಕೂಡುವಂತಿಲ್ಲ, ಕೆಲವು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ, ಊರಿಗೂ ಈಗಲೇ ಹೋಗುವಂತಿಲ್ಲ ಎಂದರು ಡಾಕ್ಟರು. ನಮ್ಮ ಮಾಳಿಗೆಯ ಮೆಟ್ಟಿಲು ಎಂಥವೆಂದರೆ, ಗಟ್ಟಿ ಕಾಲಿನವರೂ ಒಂದು ಕೈಯಿಂದ ಗೋಡೆ ಹಿಡಿದೇ ಹತ್ತುತ್ತಿದ್ದರು.

ಹಾಗಾಗಿ ಅಕ್ಕಲಕೋಟ ರಸ್ತೆಯ ಒಳಗಿನ ಒಂದು ಓಣಿಯಲ್ಲಿ ನೆಲಮಟ್ಟದ ಈ ಮನೆ ಹಿಡಿದೆವು. ಮನೆಯೇನೋ ಸಿಕ್ಕಿತು, ಒಳಗೆ ಹಾಕುವುದೇನು? ನಮ್ಮ ಕಬ್ಬಿಣದ ಮಂಚವನ್ನು ಮಾಳಿಗೆಯ ಮೇಲೇ ವೆಲ್ಡಿಂಗ್ ಮಾಡಿದ್ದರು, ಅದು ಬಾಗಿಲು ದಾಟುವ ಮಾತೇ ಇರಲಿಲ್ಲ. ಊಟ ಮಾಡುತ್ತಿದ್ದದ್ದು ನೆಲದ ಮೇಲೆ. ಕೊನೆಗೆ ನಮ್ಮವರು ಮೊಬೈಲಿನಲ್ಲೇ ಆರಿಸಿ ಮಂಚ, ಊಟದ ಟೇಬಲ್ಲು, ಕುರ್ಚಿಗಳು, ಒಂದು ಸಣ್ಣ ಸೋಫಾ ಬಾಡಿಗೆಗೆ ಹೇಳಿದರು. ನನಗೆ ನಾಚಿಕೆಯಾಯಿತು. ನನ್ನ ತವರಿನವರು ವ್ಯಾಪಾರಸ್ಥರು. ನಮ್ಮಲ್ಲಿ ಮದುವೆಗೆ ದೊಡ್ಡ ಹಂಡೆ ತಂದದ್ದು ಬಿಟ್ಟರೆ ಬಾಡಿಗೆಯ ಸಾಮಾನು ಹೊಸ್ತಿಲು ದಾಟಿದ್ದಿಲ್ಲ. ಯಾರಾದರೂ ಕೇಳಿದರೆ ಕೊಂಡದ್ದೆಂದೇ ಹೇಳುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡೆ.

ಆಸ್ಪತ್ರೆಯಿಂದ ಅತ್ತೆ ಬಂದ ದಿನವೇ ಸಾಮಾನೂ ಬರಬೇಕಿತ್ತು. ಅತ್ತೆ ಮೊದಲು ಬಂದರು, ಟೆಂಪೋ ತಡವಾಯಿತು. ಮೇಲಿನ ಮನೆಯಲ್ಲಿದ್ದ ಮನೆಯೊಡತಿ, ನಾವು ಕಾಕು ಎನ್ನುವವರು, ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು ಪುಣ್ಯ ಕಟ್ಟಿಕೊಂಡರು. ಅತ್ತೆ ವಾಕರನ್ನು ಮುಂದಿಟ್ಟುಕೊಂಡು ಬಾಗಿಲ ಹತ್ತಿರ ಕೂತರು. ಟೆಂಪೋ ಬಂದಿತು. ಮಂಚದ ಹಲಗೆಗಳು ಒಂದೊಂದಾಗಿ ಇಳಿಯುವುದನ್ನು ನೋಡುತ್ತ ಅತ್ತೆ, ಸಾಮಾನು ತಂದವನನ್ನು ಮೊದಲು ಯಾವ ಊರೆಂದು ಕೇಳಿದರು. ಅವನು ಸಲಗರ ಬುದ್ರುಕದವನಂತೆ. ಆಮೇಲೆ ನಾನು ಹೆದರಿದ್ದ ಪ್ರಶ್ನೆಯೇ ಬಂತು.

"ಇದರ ಮ್ಯಾಲ ಮೊದಲ ಯಾರ ಮಲಗತಿದ್ರಪ್ಪಾ?"

"ಗೊತ್ತಿಲ್ರಿ ಅವ್ವಾರ. ಮಂದಿ ತಗೋತಾರ, ವಾಪಸ್ ಕೊಡ್ತಾರ. ಸ್ವಚ್ಛ ಒರಸಿ ತಂದೀವ್ರಿ," ಎಂದ ಅವನು.

ಇನ್ನೊಬ್ಬರ ಕೌದಿ ಹೊದ್ದುಕೊಳ್ಳದ ಹೆಂಗಸು ನಮ್ಮ ಅತ್ತೆ. ಮಂಚ ವಾಪಸು ಹೋಯಿತೆಂದೇ ತಿಳಿದೆ. ಅವರು ಸ್ವಲ್ಪ ಯೋಚಿಸಿ, "ಯಾರರ ಇರ್ಲಿ, ಛಲೋ ನಿದ್ದಿ ಮಾಡಿದ್ರ ಸಾಕು," ಎಂದರು. ಅರಿಷಿಣ ಕುಂಕುಮ ತರಿಸಿ ಮಂಚದ ಕಾಲಿಗೆ ಹಚ್ಚಿಸಿದರು.

ಆಗ ಆ ಮನುಷ್ಯ, ಹಿರಿಯರೆಂದು ಅತ್ತೆಯನ್ನೇ ಕೇಳಿದ: "ಪಲಂಗ ಎಲ್ಲಿ ಹಾಕೂಣ್ರಿ?"

ಅತ್ತೆ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ಸಾಮಾನು ಹೊತ್ತವರು ಭಾರ ಹಿಡಿದು ನಿಂತಿದ್ದರು.

ಆ ನೋಟ ನಿಮಗೆ ಅರ್ಥವಾಗಬೇಕಾದರೆ ವಾಡೆಯ ಬಗ್ಗೆ ಹೇಳಬೇಕು. ಅಲ್ಲಿ ಸಾಮಾನಿಗೆ ಬರವಿಲ್ಲ. ಆದರೆ ಪ್ರತಿಯೊಂದಕ್ಕೂ ಒಡೆಯರಿದ್ದಾರೆ. ಪಡಸಾಲೆಯ ತೂಗುಮಂಚ ತೀರಿಹೋದ ಅಜ್ಜನವರದು, ಇಂದಿಗೂ ಅವರದೇ. ಕೈಯಿರುವ ಕುರ್ಚಿ ಮಾವನವರದು, ಅವರು ಹೊಲಕ್ಕೆ ಹೋದಾಗ ಬೆಕ್ಕು ಕೂಡ ಅದನ್ನು ಹತ್ತುವುದಿಲ್ಲ. ಕೆತ್ತನೆಯ ಪಲಂಗ ಭಾವನವರದು. ಅತ್ತೆ ಮದುವೆಯಾಗಿ ಬಂದಾಗ ಯಾವುದು ಎಲ್ಲಿತ್ತೋ ಈಗಲೂ ಅಲ್ಲೇ ಇದೆ. ಅತ್ತೆ ಮಾತ್ರ ಒಳಗಿನ ಖೋಲಿಯಲ್ಲಿ, ಜೋಳದ ಚೀಲಗಳ ಪಕ್ಕ ಕೌದಿ ಹಾಸಿಕೊಂಡು ಮಲಗಿ, ಬೆಳಗಾದರೆ ಸುತ್ತಿ ಇಡುತ್ತಿದ್ದರು. ಯಾರೂ ಅವರಿಗೆ ಕೆಡುಕು ಮಾಡಿದವರಲ್ಲ. ಆ ವಿಚಾರವೇ ಯಾರ ತಲೆಗೂ ಬಂದಿರಲಿಲ್ಲ, ಅಷ್ಟೇ. ಅಂಥ ಹೆಂಗಸನ್ನು ಹಿಡಿದು, ಇದನ್ನು ಎಲ್ಲಿ ಹಾಕಲಿ ಎಂದು ಕೇಳಿದರೆ?

"ಆ ಖಿಡಕಿ ಬಾಜೂಕ ಹಾಕ್ರಿ," ಎಂದರು ಕೊನೆಗೆ, ಯಾರಿಗೂ ಕೇಳಿಸಬಾರದೇನೋ ಎಂಬಂತೆ. ಅವರು ಹಾಕಿದರು. ಅತ್ತೆ ಕತ್ತು ವಾರೆ ಮಾಡಿ ನೋಡಿದರು. "ಇನ್ನಾ ಸ್ವಲ್ಪ ಈಕಡಿ." ಈ ಸಲ ಧ್ವನಿ ಎಲ್ಲರಿಗೂ ಕೇಳಿಸಿತು.

ಅವತ್ತು ಸಂಜೆ ಊಟಕ್ಕೆ ನಮ್ಮವರು ಟೇಬಲ್ಲಿಗೆ ಕೂತರೆ ಅತ್ತೆ ವಾಕರ್ ಹಿಡಿದು ಹಿಂದೆ ನಿಂತೇ ಇದ್ದರು. ಕೂಡಿರೆಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲೆ, "ಇದು ಯಾರ ಖುರ್ಚಿ?" ಎಂದರು.

"ಯಾರದೂ ಅಲ್ರಿ ಅತ್ತಿ, ಬಾಡಿಗಿದು," ಎಂದೆ.

ಅದು ಅವರಿಗೆ ಹಿಡಿಸಿತು. ಕೂತರು. ಎರಡೂ ಅಂಗೈಯನ್ನು ಟೇಬಲ್ಲಿನ ಮೇಲೆ ಅಗಲವಾಗಿ ಇಟ್ಟುಕೊಂಡರು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸಾಮಾನು ನಿಂತಲ್ಲಿ ನಿಲ್ಲಲಿಲ್ಲ. ಮಂಚದ ತಲೆಗಿಂಬು ಒಂದು ವಾರ ಬಾಗಿಲ ಕಡೆ, ಮುಂದಿನ ವಾರ ಗೋಡೆಯ ಕಡೆ. ಟೇಬಲ್ಲು ಅಡುಗೆಮನೆಯ ಮುಂದಿನಿಂದ ಅಂಗಳದ ಬಾಗಿಲಿಗೆ ಹೋಗಿ ಮತ್ತೆ ಮರಳಿತು. ಅತ್ತೆ ಕೂತಲ್ಲಿಂದಲೇ ಬೆರಳು ತೋರಿಸುವುದು, ನಾನೂ ಕಾಕುವೂ ಎಳೆಯುವುದು. ಕಾರ್ಖಾನೆಯಿಂದ ದಣಿದು ಬಂದ ನಮ್ಮವರು ಸೋಫಾಕ್ಕೆ ಮೊಣಕಾಲು ಬಡಿಸಿಕೊಂಡು, "ಯವ್ವಾ, ಹಿತ್ತಲ ಬಾಗಲಾದ್ರೂ ಇದ್ದಲ್ಲೇ ಅದ ಏನು?" ಎಂದು ಕೇಳುತ್ತಿದ್ದರು. ನನ್ನ ತವರಿನವರು ಅತ್ತೆಯನ್ನು ಮಾತಾಡಿಸಲು ಬಂದಾಗ, ಟೇಬಲ್ಲು ಎಲ್ಲಿ ಕೊಂಡಿರಿ ಎಂದು ನನ್ನ ಅತ್ತಿಗೆ ಕೇಳಿದಳು. ನಾನು ಒಂದು ಅಂಗಡಿಯ ಹೆಸರು ಹುಡುಕುವಷ್ಟರಲ್ಲಿ ಅತ್ತೆ ಹೆಮ್ಮೆಯಿಂದ, "ಬಾಡಿಗಿದು! ಬ್ಯಾಡಂದ್ರ ಅವರೇ ಬಂದು ಒಯ್ತಾರ," ಎಂದುಬಿಟ್ಟರು. ನನ್ನ ಮಾನ ಆ ಹೊತ್ತಿಗೆ ಹೋಯಿತು. ಹೋದ ಮೇಲೆ ಹಗುರವೂ ಆಯಿತು.

ದಿನವೂ ಸ್ವಲ್ಪ ಹೊತ್ತು ನಿಲ್ಲಬೇಕೆಂದು ವ್ಯಾಯಾಮ ಮಾಡಿಸಲು ಬರುತ್ತಿದ್ದ ಹೆಂಗಸು ಹೇಳಿ ಹೋಗಿದ್ದರು. ಒಂದು ಮಧ್ಯಾಹ್ನ ಅತ್ತೆ ಆ ನಿಲ್ಲುವ ಹೊತ್ತನ್ನು ಒಲೆಯ ಮುಂದೆ ಕಳೆಯುತ್ತೇನೆಂದರು. ನನ್ನನ್ನು ಟೇಬಲ್ಲಿಗೆ ಕೂಡಿಸಿದರು. ವಾಕರಿಗೆ ಸೊಂಟ ಆನಿಸಿಕೊಂಡು ಜೋಳದ ರೊಟ್ಟಿ ಬಡಿದು, ಹಂಚಿನಿಂದ ತೆಗೆದದ್ದನ್ನು ನೇರ ನನ್ನ ತಾಟಿಗೆ ಹಾಕಿದರು. "ನೀ ಬಿಸಿ ರೊಟ್ಟಿ ತಿಂದು ಎಷ್ಟ ವರ್ಷ ಆತು?" ಎಂದರು. ನಂಜಿಕೊಳ್ಳಲು ಹಾಕಿದ ಶೇಂಗಾ ಹಿಂಡಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದರ ನೆಪ ಸಿಕ್ಕಿತು. ನಾವು ಅತ್ತೆ ಸೊಸೆ ಜಗಳವಾಡಿದವರಲ್ಲ. ಆದರೆ ಒಬ್ಬರನ್ನೊಬ್ಬರು ನೋಡಿದ್ದೂ ಅಷ್ಟಕ್ಕಷ್ಟೇ ಎಂದು ಅವತ್ತು ಅನಿಸಿತು.

ಇಷ್ಟರ ನಡುವೆ ಮಾವನವರು ಬಂದರು. ಅವರು ಬರುವ ಸುದ್ದಿಗೇ ನಾನು ಸೆರಗು ಸರಿಮಾಡಿಕೊಳ್ಳುವವಳು. ಒಳಗೆ ಬಂದವರು ನಡುಮನೆಯಲ್ಲಿ ನಿಂತು ಸುತ್ತ ನೋಡಿದರು. ಅವರು ತಮ್ಮ ಜಾಗ ಹುಡುಕುತ್ತಿದ್ದಾರೆಂದು ನನಗೆ ಹೊಳೆಯಲು ಸ್ವಲ್ಪ ಸಮಯ ಹಿಡಿಯಿತು. ಅಂಥದೊಂದು ಆ ಮನೆಯಲ್ಲಿ ಇರಲಿಲ್ಲ. ಅತ್ತೆ ಟೇಬಲ್ಲಿಗೆ ಕೂತು ಮೆಂತ್ಯ ಬಿಡಿಸುತ್ತಿದ್ದವರು, ಗಂಡನನ್ನು ಕಂಡೊಡನೆ ರೂಢಿಯಂತೆ ಏಳಲು ಹೋದರು. ಕಾಲು ಒಪ್ಪಲಿಲ್ಲ. ಮುಖ ಕಿವುಚಿದರು.

"ಏಳಬ್ಯಾಡ. ಕೂಡು," ಎಂದರು ಮಾವನವರು. ಆಮೇಲೆ ಎದುರಿಗಿದ್ದ ಕುರ್ಚಿ ಎಳೆದು ತಾವೂ ಕೂತರು.

ನಾನು ಇಬ್ಬರಿಗೂ ಒಟ್ಟಿಗೇ ಬಡಿಸಿದೆ. ಗಂಡ ಹೆಂಡತಿ ಎದುರುಬದುರು ಕೂತು ಉಂಡದ್ದು ಅದೇ ಮೊದಲೆಂದು ಅತ್ತೆ ಆಮೇಲೆ ಹೇಳಿದರು. ಎರಡನೆಯ ರೊಟ್ಟಿಗೆ ಕೈಹಾಕುತ್ತ ಮಾವನವರು, "ಭಾಳ ನೋಯ್ತದೇನು?" ಎಂದು ಕೇಳಿದರು. ಯಾರು ಕೇಳಿದರೂ ಇಲ್ಲವೆನ್ನುತ್ತಿದ್ದ ಅತ್ತೆ, ತಾಟು ನೋಡುತ್ತ, "ನೋಯ್ತದ್ರಿ," ಎಂದರು. ಮಾವನವರು ತಮ್ಮ ಕೈಯ ರೊಟ್ಟಿ ಮುರಿದು ಅರ್ಧವನ್ನು ಅವರ ತಾಟಿನ ಅಂಚಿಗೆ ಇಟ್ಟರು. ನಾನು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಅದಾದ ಮೇಲೆ ಮಾವನವರಿಗೆ ಸೋಲಾಪುರದಲ್ಲಿ ಕೆಲಸವೇ ಕೆಲಸ. ಒಮ್ಮೆ ಬೀಜ, ಒಮ್ಮೆ ಪೈಪು, ಒಮ್ಮೆ ಪಂಪಿನ ಯಾವುದೋ ವಾಶರು. ಎಲ್ಲವೂ ಅಕ್ಕಲಕೋಟದಲ್ಲೇ ಸಿಗುವಂಥವು. ನಾವು ಯಾರೂ ಆ ಮಾತು ಎತ್ತಲಿಲ್ಲ.

ಅತ್ತೆ ವಾಕರ್ ಬಿಟ್ಟು, ಕೋಲು ಬಿಟ್ಟು, ಓಣಿಯ ತುದಿಯವರೆಗೆ ನಡೆಯುವಂತಾದರು. ಊರಿಗೆ ಹೊರಡುವ ದಿನ ಹತ್ತಿರ ಬಂತು. ನಮ್ಮವರು ಆ ಮಂಚವನ್ನು ಕೊಂಡು ಊರಿಗೇ ಕಳಿಸುತ್ತೇನೆಂದರು. ಅತ್ತೆ ಬೇಡವೆಂದರು. "ಕೊಂಡ್ರ ಅದು ಮತ್ತ ಯಾರದರ ಆಗ್ತದ. ಹೋಗ್ಲಿ, ಇನ್ನೊಬ್ಬರ ಮನಿಗಿ ಹೋಗ್ಲಿ." ಕಂಪನಿಯವರು ಬಂದು ಒಯ್ಯುವಾಗ ಅವರು ಬಾಗಿಲಲ್ಲಿ ನಿಂತು, ಮಂಚದ ಕಾಲು ಗೋಡೆಗೆ ತಾಗದಂತೆ ಹೊರಳಿಸಲು ಹೇಳಿಕೊಟ್ಟರು.

ನಾವು ಈ ಮನೆಯಲ್ಲೇ ಉಳಿದೆವು. ಟೇಬಲ್ಲನ್ನು ಇಟ್ಟುಕೊಂಡೆವು, ಇನ್ನೂ ಬಾಡಿಗೆಯದೇ. ಯಾರು ಕೇಳಿದರೂ ಹಾಗೆಂದೇ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಅತ್ತೆಗೆ ಫೋನ್ ಮಾಡಿದೆ. ಅವರು ನಮ್ಮ ಜೊತೆ ಇದ್ದ ಆ ತಿಂಗಳುಗಳಿಂದ ನನಗೆ ಎಷ್ಟು ಒಳ್ಳೆಯದಾಯಿತು ಎಂಬುದನ್ನು ಒಮ್ಮೆಯಾದರೂ ಬಾಯಿಬಿಟ್ಟು ಹೇಳಬೇಕೆಂದಿತ್ತು. ಅವರ ಹತ್ತಿರ ಬೇರೆಯೇ ಸುದ್ದಿ ಇತ್ತು. ಮಾವನವರು ಯಾರಿಗೂ ಹೇಳದೆ ಒಳಗಿನ ಖೋಲಿಯ ಚೀಲಗಳನ್ನೆಲ್ಲ ತೆಗೆಸಿ, ಸುಣ್ಣ ಹೊಡೆಸಿ, ಗೋಡೆ ಒಡೆದು ಒಂದು ಕಿಟಕಿ ಇಡಿಸಿದ್ದಾರಂತೆ.

"ಛಲೋ ಆತಲ್ರಿ ಅತ್ತಿ," ಎಂದೆ.

"ಛಲೋನೇ ಆಗ್ಯದ. ಆದ್ರ ಭಾಳ ಮ್ಯಾಲ ಆಗ್ಯದ. ಕುಂತ್ರ ಬರೇ ಮುಗಿಲ ಕಾಣ್ತದ, ಓಣಿ ಕಾಣಂಗಿಲ್ಲ. ಕೆಳಗ ಇಳಸ್ರಿ ಅಂದೆ."

"ಮಾವನವರು ಏನಂದ್ರು?"

"ಏನಂತಾರ? ಗ್ವಾಡಿ ಒಡಿಯಾಕ ಗೌಂಡಿನ ಕರ್ಯಾಕ ಹೋಗ್ಯಾರ."

ನನ್ನ ಮಾತು ಶುರು ಮಾಡಬೇಕು ಎನ್ನುವಷ್ಟರಲ್ಲಿ ಆ ಕಡೆ ಗಂಡಸರ ಧ್ವನಿ, ಬಕೆಟ್ಟು ನೆಲಕ್ಕೆ ಇಟ್ಟ ಸದ್ದು ಕೇಳಿಸಿತು. "ಬಂದ್ರು ಕಾಣ್ತದ. ಎಷ್ಟ ಎತ್ತರ ಬೇಕಂತ ನಾನೇ ಕುಂತು ತೋರಸ್ಬೇಕು. ಇಡ್ತೀನವಾ," ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.