ಪೆನ್ಸಿಲ್ ನಿಂತ ಪುಟ

"ಅಣ್ಣಾ, ಬೇಗ ಬಾ. ಚಿನ್ಮಯಿ ಬೆಳಗ್ಗೆಯಿಂದ ಅಳ್ತಾ ಕೂತ್ಬುಟ್ಟಿದಾಳೆ. ನನ್ ಕೈಲಾಗಲ್ಲ."

ತಂಗಿ ಶೈಲಾಳ ಫೋನು. ಕಳೆದ ತಿಂಗಳು, ಒಂದು ಭಾನುವಾರ. ದಟ್ಟಗಳ್ಳಿಯಿಂದ ಜಯಲಕ್ಷ್ಮಿಪುರಂ ತನಕ ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಹದಿನಾರರ ಹುಡುಗಿ. ತಲೆಯಲ್ಲಿ ಏನೇನೋ ಬರುತ್ತದಲ್ಲ? ಗೇಟಿನಲ್ಲೇ ಕೇಳಿದೆ. "ಏನಾಯ್ತೇ?"

"ಯಾರೋ ಹುಡುಗ ಸತ್ತೋದ್ನಂತೆ."

"ಅಯ್ಯೋ, ಯಾರೇ? ಅವಳ ಕಾಲೇಜಿನವನಾ?"

"ಪುಸ್ತಕದಲ್ಲಿ ಕಣಣ್ಣ!"

ಒಳಗೆ ಸೋಫಾದ ಮೇಲೆ ನನ್ನ ತಂಗಿಯ ಮಗಳು ಮೂಗು ಕೆಂಪಗೆ ಮಾಡಿಕೊಂಡು ಕೂತಿದ್ದಳು. ಪಕ್ಕದಲ್ಲಿ ಮೇಟಗಳ್ಳಿಯಿಂದ ಬಂದಿದ್ದ ಗೆಳತಿ ಜೆನಿಫರ್, ಬೆನ್ನು ಸವರುತ್ತಾ. ಸಾವಿನ ಮನೆಗೆ ಬಂದವರಿಗೆ ಹೇಳುವ ಹಾಗೆ ಆಕೆ ನನಗೆ ಮೆಲ್ಲಗೆ ಹೇಳಿದಳು: "ಫಸ್ಟ್ ಟೈಮ್ ಓದೋವಾಗ ಎಲ್ರಿಗೂ ಹಿಂಗೇ ಆಗುತ್ತೆ ಅಂಕಲ್. ಟೈಮ್ ಬೇಕು."

ನನಗೆ ನಗು ಬಂತು. (ನಗಬಾರದಿತ್ತು. ಇಬ್ಬರೂ ಒಟ್ಟಿಗೆ ದುರುಗುಟ್ಟಿದರು.)

ಈ ಹುಡುಗಿಯರದು ಒಂದು ಗುಂಪಿದೆ. ಪುಸ್ತಕ ಒಂದೇ, ಓದುವವರು ಹಲವರು, ಕೈಯಿಂದ ಕೈಗೆ ಪಾಳಿ. ಒಬ್ಬೊಬ್ಬಳಿಗೆ ಒಂದೊಂದು ಬಣ್ಣದ ಅಂಟುಚೀಟಿ. ಯಾವ ಪುಟದಲ್ಲಿ ಅಳು ಬಂತೋ ಅಲ್ಲೇ, ಆ ಕ್ಷಣವೇ ಚೀಟಿ ಅಂಟಿಸಬೇಕು. ಸುಳ್ಳು ಅಂಟಿಸಿದರೆ ಮುಂದಿನ ಪುಸ್ತಕಕ್ಕೆ ಪಾಳಿ ಇಲ್ಲ. ಒಂದೂ ಚೀಟಿ ಅಂಟಿಸದವಳು ಎಲ್ಲರಿಗೂ ಚುರುಮುರಿ ಕೊಡಿಸಬೇಕು. ಹೀಗೆ ಸುತ್ತಿ ಬಂದ ಪುಸ್ತಕದ ಅಂಚು ಹಬ್ಬದ ದಿನದ ಬಾಗಿಲಿನಂತೆ ಕಾಣುತ್ತದೆ.

ಶೈಲಾಳ ಸಂಕಟ ಬೇರೆ. ಕಾಲೇಜಿನ ಟೆಸ್ಟಿನಲ್ಲಿ ಮಗಳ ಮಾರ್ಕ್ಸ್ ಇಳಿದಿತ್ತು. ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕುವುದು, ಪಿಯುಸಿ ಮುಗಿಯುವ ತನಕ ಗುಂಪು ಬಂದ್ ಎಂದು ಆಕೆ ತೀರ್ಮಾನಿಸಿಬಿಟ್ಟಿದ್ದಳು. ಚಿನ್ಮಯಿ ಇನ್ನೊಂದು ಸುತ್ತು ಅತ್ತಳು. ಈ ಸಲ ಪುಸ್ತಕಕ್ಕಲ್ಲ.

"ನೀನು ಎಂಎ ಮಾಡಿದೀಯ, ನೀನೇ ಹೇಳಣ್ಣ. ಇದು ಸಾಹಿತ್ಯಾನಾ?" ಎಂದು ಶೈಲಾ ನನ್ನನ್ನೇ ಜಡ್ಜ್ ಆಗಿ ಕೂರಿಸಿದಳು.

ಚಿನ್ಮಯಿ ಕಣ್ಣೊರೆಸಿಕೊಂಡು ಷರತ್ತು ಹಾಕಿದಳು. "ಮಾಮ ಹೇಳಿದ್ದೇ ಫೈನಲ್. ಆದ್ರೆ ಪೂರ್ತಿ ಓದಿ ಹೇಳ್ಬೇಕು. ಹಿಂದಿನ ಕವರ್ ಓದಿ ಅಲ್ಲ."

ಹಿಂದಿನ ಕವರ್ ಓದಿ ಅಭಿಪ್ರಾಯ ಹೇಳುವ ವಿದ್ಯೆಯನ್ನು ನಾನು ಎಂಎ ಓದುವಾಗ ಗಂಗೋತ್ರಿಯ ಕ್ಯಾಂಪಸ್ಸಿನಲ್ಲೇ ಕಲಿತದ್ದು. ಅದು ಈ ಹುಡುಗಿಗೆ ಹೇಗೆ ಗೊತ್ತಾಯಿತು? ಅಲ್ಲಿ ಇನ್ನೊಂದನ್ನೂ ಕಲಿತೆ. ಯಾವ ಪುಸ್ತಕ ಕಣ್ಣೀರು ತರಿಸುತ್ತದೋ ಅದನ್ನು ಮೊದಲು ಅನುಮಾನಿಸಬೇಕು. "ನಮ್ಮ ಕಾಲದಲ್ಲಿ ನಾವು ಪುಸ್ತಕ ಓದಿ ಅಳ್ತಿರಲಿಲ್ಲಮ್ಮ, ಯೋಚನೆ ಮಾಡ್ತಿದ್ವಿ" ಎಂದೆ.

ಶೈಲಾ ಬಿಡಬೇಕಲ್ಲ? "ಆಹಾ! ಮೆಟ್ಟಿಲ ಕೆಳಗೆ ವಾರಪತ್ರಿಕೆ ಧಾರಾವಾಹಿ ಹಿಡ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಿದ್ದೋರು ಯಾರೋ?"

"ಅದು ನೀನು ಕಣೇ!"

"ನಾನಾ? ಅಮ್ಮ ನಿಂಗೆ ಬೈದಿದ್ದು ನಂಗೆ ಚೆನ್ನಾಗಿ ನೆನಪಿದೆ."

ನನಗೂ ಚೆನ್ನಾಗಿ ನೆನಪಿದೆ. ಮೆಟ್ಟಿಲ ಕೆಳಗಿನ ಕತ್ತಲು, ಪತ್ರಿಕೆಯ ಮಸಿ ಹತ್ತಿದ ಬೆರಳು, ಅಮ್ಮನ ಬೈಗುಳ. ಆದರೆ ಆ ಬೆರಳು ಯಾರದು? ಸ್ಕೂಟರ್ ಕೀಲಿ ಎಲ್ಲಿಟ್ಟೆನೆಂದು ದಿನಾ ಹುಡುಕುವವನು ನಾನು. ಕೇಳೋಣವೆಂದರೆ ಅಮ್ಮ ಇಲ್ಲ. ಸೋಲಬಾರದೆಂದು ನಾನು ಜೋರಾಗಿ ಮಾತಾಡಿ, ಪುಸ್ತಕ ಹಿಡಿದು ಮನೆಗೆ ಬಂದೆ.

ಓದಿದೆ. ಕೈಯಲ್ಲಿ ಪೆನ್ಸಿಲ್. (ಹಳೆಯ ರೋಗ.) ಇಂಗ್ಲಿಷ್ ಕಾದಂಬರಿ. ಕಡಲ ಪಕ್ಕದ ಊರು. ಒಬ್ಬಳು ಹುಡುಗಿ, ಅವಳ ಪ್ರಾಣಸ್ನೇಹಿತ. ಅವನು ಅಪಘಾತದಲ್ಲಿ ಸಾಯುತ್ತಾನೆ, ಅವಳು ಮಾತು ಬಿಡುತ್ತಾಳೆ. ನಾನು ಅಂಚಿನಲ್ಲಿ ಗೀಚುತ್ತಾ ಹೋದೆ: "ಕೃತಕ." "ನಂಬಲಾಗದು." "ಮತ್ತೆ ಮಳೆಯೇ?" ಸತ್ತ ಹುಡುಗನ ಹಳೆಯ ವಾಯ್ಸ್ ಮೆಸೇಜುಗಳನ್ನು ಅವಳು ಕೇಳುವ ಅಧ್ಯಾಯದಲ್ಲಿ ಗುಲಾಬಿ, ನೀಲಿ, ಹಳದಿ ಚೀಟಿಗಳ ಜಾತ್ರೆ. ನಾನು ಅಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದೆ. ಕಣ್ಣು ಒಣಗಿಯೇ ಇತ್ತು. ತೀರ್ಪೂ ರೆಡಿಯಾಗಿತ್ತು.

ಮುಂದಿನ ಭಾನುವಾರ ಪುಸ್ತಕ ವಾಪಸ್ ಕೊಟ್ಟೆ. ಚಿನ್ಮಯಿ ತೆರೆದವಳೇ ಕಿರುಚಿದಳು. "ಮಾಮಾ! ಬುಕ್ ಮೇಲೆ ಬರೆದ್ಬುಟ್ಟಿದೀರಾ?"

"ನಾವು ಹಾಗೇ ಓದೋದು."

"ನಾವು ಗಲೀಜು ಮಾಡ್ದೆ ಓದ್ತೀವಿ. ಜೆನ್ನಿ, ನೋಡೇ ಇಲ್ಲಿ!"

ಇಬ್ಬರೂ ರಬ್ಬರ್ ಹಿಡಿದು ಪುಟ ಪುಟವಾಗಿ ಅಳಿಸಲು ಕೂತರು. ನಾನು ಕಾಫಿ ಕುಡಿಯುತ್ತಾ ತೀರ್ಪಿನ ಮೊದಲ ವಾಕ್ಯ ಹೊಂದಿಸುತ್ತಿದ್ದೆ. ಜೆನಿಫರ್ ಥಟ್ಟನೆ ರಬ್ಬರ್ ಕೆಳಗಿಟ್ಟಳು. "ಅಂಕಲ್, ಇಲ್ಲಿಂದಾಚೆ ನಿಮ್ಮ ಪೆನ್ಸಿಲ್ ಇಲ್ವಲ್ಲ. ಕೊನೇವರೆಗೂ ಇಲ್ಲ."

"ಮೊನೆ ಮುರಿದಿರಬೇಕು."

"ಮಾಮ, ನಿಜ ಹೇಳಿ."

ಮಗಳಿಗೆ ಏನು ಹೇಳಬೇಕೆಂದು ತಿಳಿಯದ ಅಪ್ಪ ಆ ಕಾದಂಬರಿಯಲ್ಲಿ ದಿನಾ ಸಂಜೆ ಅವಳನ್ನು ಕಾರಿನಲ್ಲಿ ಸುತ್ತಾಡಿಸುತ್ತಾನೆ. ಇಬ್ಬರೂ ಮಾತಾಡುವುದಿಲ್ಲ. ಒಂದು ಸಂಜೆ ಅವಳು ಇಳಿದು ಒಳಗೆ ಹೋದ ಮೇಲೆ ಆತ ಎಂಜಿನ್ ಆಫ್ ಮಾಡಿ, ಸ್ಟೀರಿಂಗ್ ಹಿಡಿದುಕೊಂಡು, ಹಾಗೇ ಕೂತಿರುತ್ತಾನೆ. ಅಷ್ಟೇ. ಒಂದೇ ಪ್ಯಾರಾ. ಅಲ್ಲಿ ನನಗೆ ಏನಾಯಿತೋ ಹೇಳಲಾರೆ. ಪೆನ್ಸಿಲ್ ಎಲ್ಲಿ ಬಿತ್ತೋ ನೆನಪಿಲ್ಲ. (ಈ ಸಲ ನಿಜವಾಗಿಯೂ.) ಹುಡುಗಿಯರ ಮುಂದೆ ಒಪ್ಪಿಕೊಂಡೆ.

"ಅಲ್ಲಿ ಯಾರೂ ಅಳಲ್ಲ ಅಂಕಲ್!" ಜೆನಿಫರ್‌ಗೆ ಅಚ್ಚರಿ. ನಿಜ, ಆ ಪುಟದಲ್ಲಿ ಒಂದೂ ಚೀಟಿ ಇರಲಿಲ್ಲ. ಇಬ್ಬರೂ ತಲೆ ತಾಗಿಸಿಕೊಂಡು ಆ ಪ್ಯಾರಾ ಮತ್ತೆ ಓದಿದರು. ಆಮೇಲೆ ಚಿನ್ಮಯಿ, "ಇದನ್ನ ನಾವು ಓಡಿಸ್ಕೊಂಡು ಓದ್ಬುಟ್ವಿ ಅಲ್ವೇನೇ?" ಎಂದಳು. ನನಗೊಂದು ಕಂದು ಬಣ್ಣದ ಚೀಟಿ ಸಿಕ್ಕಿತು. ಯಾರೂ ತೆಗೆದುಕೊಳ್ಳದೆ ಉಳಿದಿದ್ದ ಬಣ್ಣ.

ಮಕ್ಕಳು ಓದುವುದಿಲ್ಲ, ಫೋನು ಬಿಟ್ಟು ಏಳುವುದಿಲ್ಲ ಎಂದು ನಾವು ಎಲ್ಲ ಕಡೆ ಗೊಣಗುತ್ತೇವೆ. ಓದಿದರೆ "ಇದನ್ನಲ್ಲ" ಎನ್ನುತ್ತೇವೆ. ಹಾಗಾದರೆ ಯಾವುದನ್ನು? ಚಿನ್ಮಯಿ ಕೇಳಿಯೇಬಿಟ್ಟಳು: "ನಮ್ ವಯಸ್ಸಿನೋರ ಕಥೆ ಕನ್ನಡದಲ್ಲಿ ಯಾವ್ದಿದೆ, ಕೊಡಿ ಮಾಮ. ಅದನ್ನೂ ಪಾಳಿಗೆ ಹಾಕ್ತೀವಿ." ಹುಡುಕಿ ಹೇಳುತ್ತೇನೆ ಎಂದಿದ್ದೇನೆ. ಹುಡುಕುತ್ತಿದ್ದೇನೆ. ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಓದುಗರು ರೆಡಿ ಇದ್ದಾರೆ, ಚೀಟಿಗಳ ಸಮೇತ.

ಕೊನೆಗೆ ತೀರ್ಪು ಕೊಟ್ಟೆ. ಈ ಕಾದಂಬರಿಯಲ್ಲಿ ಮಳೆ ಜಾಸ್ತಿ, ವಿಧಿ ಇನ್ನೂ ಜಾಸ್ತಿ. ಆ ಅನುಮಾನ ನನಗೆ ಹೋಗಿಲ್ಲ. ಆದರೂ ಅಟ್ಟಕ್ಕೆ ಬೇಡ. ಗುಂಪು ನಡೆಯಲಿ, ಟೆಸ್ಟಿನ ವಾರ ಬಿಟ್ಟು.

"ನಿನ್ನೂ ಕೆಡಿಸ್ಬುಟ್ರಾ?" ಎಂದಳು ಶೈಲಾ. ಆಮೇಲೆ ಕೈ ಒರೆಸಿಕೊಂಡು ಬಂದು, "ಎಲ್ಲಿ, ಯಾವ ಪುಟ ಅದು?" ಎಂದು ಪುಸ್ತಕ ಕಿತ್ತುಕೊಂಡಳು. ನಿಂತೇ ಓದಿದಳು. ಮತ್ತೆ ಮೊದಲ ಪುಟಕ್ಕೆ ತಿರುಗಿಸಿ ಕೂತಳು. ಒಲೆಯ ಮೇಲಿನ ಸಾರು ಉಕ್ಕಿತು. ಚಿನ್ಮಯಿಯೇ ಓಡಿಹೋಗಿ ಗ್ಯಾಸ್ ಆರಿಸಿದಳು.

ಪುಸ್ತಕ ಇನ್ನೂ ಶೈಲಾಳ ಹತ್ತಿರವೇ ಇದೆ. ಕಾಲೇಜಿನಿಂದ ಬರುವಾಗ ಜೆನಿಫರ್ ಗೇಟಿನ ಹೊರಗಿಂದಲೇ ಕೂಗುತ್ತಾಳಂತೆ: "ಆಂಟಿ, ಬೇಗ ಮುಗಿಸಿ! ನನ್ನ ಕಸಿನ್ ಪಾಳಿ!" ಅಮ್ಮನ ಪಾಲಿನ ಹಸಿರು ಚೀಟಿಗಳು ಖಾಲಿಯಾಗುತ್ತಾ ಬಂದಿವೆ ಎಂದು ಮಗಳ ವರದಿ.

ಮೆಟ್ಟಿಲ ಕೆಳಗಿನ ಜಗಳ ಮಾತ್ರ ಇನ್ನೂ ಮುಗಿದಿಲ್ಲ. ಅವತ್ತು ಅತ್ತಿದ್ದು ನಾನೇ, ನಾನೇ ಎಂದು ಈಗ ಇಬ್ಬರೂ ಹಟ ಹಿಡಿದಿದ್ದೇವೆ.